ವರ್ನರ್ ಕಂಗಾಸನ ಪಿಸ್ತೂಲು ಪಾಠ

ವರ್ನರ್ ಕಂಗಾಸನಿಗೆ ಲಾಟರಿ ಹೊಡೆದದ್ದೇ ತಪ್ಪಾಯಿತು. ಟ್ಯಾಮರಾಕ್ ಊರಿನ ಫೈರ್ ಸ್ಟೇಷನ್ನಿನವರು ಪ್ರತಿ ವರ್ಷ ಲಾಟರಿ ಚೀಟಿ ಮಾರುತ್ತಾರೆ. ಅವನು ಇಪ್ಪತ್ತೆರಡು ವರ್ಷ ತಪ್ಪದೆ ಚೀಟಿ ಕೊಂಡದ್ದು ಅಂಗಳದ ಹಿಮ ತೆಗೆಯುವ ಯಂತ್ರದ ಆಸೆಗೆ. ಈ ಸಲ ಯಂತ್ರ ಪಾದ್ರಿಯವರ ಪಾಲಾಯಿತು. ಇವನಿಗೆ ಬಂದದ್ದು ಕಪ್ಪು ಡಬ್ಬಿಯೊಳಗೆ ಮಲಗಿದ್ದ ಒಂದು ಗಿಡ್ಡ ಪಿಸ್ತೂಲು.

ವರ್ನರ್ ಅಂದರೆ ನಲವತ್ತೈದು ವರ್ಷದಿಂದ ಬೇಟೆಯಾಡಿಕೊಂಡು ಬಂದವನು. ನವೆಂಬರ್ ಬಂತೆಂದರೆ ಜಿಂಕೆ ಬೇಟೆಯ ಬಿಡಾರದಲ್ಲಿ ಒಲೆಯ ಪಕ್ಕದ ಕುರ್ಚಿ ಅವನದು. ಅದರಲ್ಲಿ ಇನ್ನೊಬ್ಬ ಕೂರುವ ಹಾಗಿಲ್ಲ. ಊರಿನ ಅರ್ಧ ಜನಕ್ಕೆ ಬೇಟೆಯ ಸುರಕ್ಷತೆಯ ಪಾಠ ಹೇಳಿದವನೂ ಅವನೇ. ಆದರೆ ಅದೆಲ್ಲ ಉದ್ದ ಬಂದೂಕಿನ ಸಂಗತಿ. ಪಿಸ್ತೂಲನ್ನು ಅವನು ಜೀವಮಾನದಲ್ಲಿ ಮುಟ್ಟಿರಲಿಲ್ಲ. ಇದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ.

ಹಾಗಂತ ಅದು ಅವನಿಗೆ ಬೇಡವಾಗಿತ್ತು ಅಂತಲ್ಲ. ಹೋದ ತಿಂಗಳು ಪಕ್ಕದ ಮನೆಯ ಗ್ಯಾರೇಜಿಗೆ ಕಳ್ಳರು ನುಗ್ಗಿದ ಮೇಲೆ ಅವನಿಗೆ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ. ಕಾಡಿನಲ್ಲಿ ಕರಡಿ ಎದುರಾದರೂ ಜಗ್ಗದವನು ಈಗ ಹಿಂಬಾಗಿಲು ಕಿರ್ ಅಂದರೆ ಬೆಚ್ಚಿಬೀಳುತ್ತಿದ್ದ. ನೆಲಮಾಳಿಗೆಯ ಬೀಗದೊಳಗಿರುವ ಬಂದೂಕನ್ನು ಹೊರತೆಗೆಯುವಷ್ಟರಲ್ಲಿ ಆರ್ಲೀನ್‌ಗೆ ಏನಾದರೂ ಆಗಿಬಿಟ್ಟರೆ ಎಂಬ ಭಯ ಅವನದು. ಪಿಸ್ತೂಲಾದರೆ ಕೈಯಳತೆಯಲ್ಲೇ ಇರುತ್ತದೆ. ಭಯದ ಮಾತನ್ನು ಮಾತ್ರ ಅವನು ಆರ್ಲೀನ್‌ಗೂ ಹೇಳಿರಲಿಲ್ಲ.

ಆರ್ಲೀನ್ ಅವನ ಹೆಂಡತಿ. ಶಾಲೆಯ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವಳು. ಕಾಗದ ನೋಡದೆ ಸೂರ್ಯ ಹುಟ್ಟಿದನೆಂದರೂ ನಂಬುವವಳಲ್ಲ. ಅವಳು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು: "ಕಳ್ಳ ಬಂದ್ರೆ ಏನು ಮಾಡ್ಬೇಕು ಅಂತ ಕಲಿಸೋ ಕ್ಲಾಸಿಗೆ ಹೋಗು. ಸರ್ಟಿಫಿಕೇಟ್ ತಂದು ನನ್ನ ಕೈಗಿಡು. ಶನಿವಾರ ಸಂಜೆ ಊಟದೊಳಗೆ ತರದಿದ್ರೆ ಅದು ಡ್ವೇನ್‌ಗೆ."

ಡ್ವೇನ್ ಅವಳ ತಮ್ಮ. ವರ್ನರನ ಏಣಿ, ದೋಣಿ, ಮರ ಕುಯ್ಯುವ ಮೆಷಿನ್ನು ಎಲ್ಲ ಎರಡು ದಿನದ ಮಟ್ಟಿಗೆ ಅಂತ ಹೋಗಿ ಅವನ ಮನೆಯಲ್ಲೇ ನೆಲೆ ನಿಂತಿದ್ದವು. ಪಿಸ್ತೂಲೂ ಅದೇ ದಾರಿ ಹಿಡಿಯುವುದು ವರ್ನರನಿಗೆ ಸುತರಾಂ ಬೇಡವಾಗಿತ್ತು.

ಅವತ್ತೇ ಆ ಶನಿವಾರ. ಬೆಳಗ್ಗೆ ಆರಕ್ಕೆ ಅವನು ಕಾಫಿ ಹೋಟೆಲಿನ ಮೂಲೆಯಲ್ಲಿ ಕೂತು ಫೋನಿನಲ್ಲಿ ಕ್ಲಾಸುಗಳ ಪಟ್ಟಿ ನೋಡುತ್ತಿದ್ದ. ಆ ದಿನ ಇದ್ದದ್ದು ಎರಡೇ. ಒಂದು ಊರಾಚೆಯ ಕಲ್ಲುಕ್ವಾರಿಯಲ್ಲಿ, ಅನುಭವಸ್ಥರಿಗೆ. ಇನ್ನೊಂದು ತೊಂಬತ್ತು ಮೈಲಿ ದೂರದ ಎಸ್ಕನಾಬಾದಲ್ಲಿ, ಪಿಸ್ತೂಲು ಮುಟ್ಟಿಯೇ ಇಲ್ಲದವರಿಗೆ.

"ಏನೋ ಅಷ್ಟೊಂದು ನೋಡ್ತಿದೀಯ?" ಎನ್ನುತ್ತ ಬಿಡಾರದ ಗೆಳೆಯ ಎಮಿಲ್ ಭುಜದ ಮೇಲಿಂದ ಬಗ್ಗಿದ. ಬಗ್ಗಿದವನು ಇಡೀ ಹೋಟೆಲಿಗೆ ಕೇಳುವ ಹಾಗೆ ಓದಿಯೂಬಿಟ್ಟ. "ಪಿಸ್ತೂಲು ಕ್ಲಾಸಂತೆ! ನಿಂಗ್ಯಾಕೋ ಇದು?"

"ಆರ್ಲೀನ್ ಹಟ ಮಾಡ್ತಿದಾಳೆ."

"ಕ್ವಾರಿಗೆ ಹೋಗ್ಬಿಡು ಮಾರಾಯ. ಅಲ್ಲಿರೋ ಮೇಷ್ಟ್ರಿಗೆ ನೀನೇ ಪಾಠ ಹೇಳಿ ಬರಬಹುದು."

ಹೋಟೆಲಿನ ಡೋರೀನ್ ಕಾಫಿ ಸುರಿಯುತ್ತ, "ಇನ್ನೊಂದ್ರಲ್ಲಿ ಯಾರಿರ್ತಾರೆ? ಅಜ್ಜಿಯಂದ್ರು," ಎಂದಳು. ಎಲ್ಲರೂ ನಕ್ಕರು. ವರ್ನರನೂ ನಕ್ಕ. ಒಳಗೊಳಗೇ ಬೆವರಿದ.

ಕ್ವಾರಿಗೆ ಹೋದರೆ ಅರ್ಧ ಗಂಟೆಯಲ್ಲಿ ಬಣ್ಣ ಬಯಲಾಗುತ್ತದೆ, ಮಧ್ಯಾಹ್ನದೊಳಗೆ ಸುದ್ದಿ ಈ ಹೋಟೆಲಿಗೆ ಬರುತ್ತದೆ, ನವೆಂಬರಿಗೆ ಒಲೆಯ ಪಕ್ಕದ ಕುರ್ಚಿಯಲ್ಲಿ ಎಮಿಲ್ ಕೂತಿರುತ್ತಾನೆ. ಎಸ್ಕನಾಬಾದಲ್ಲಾದರೆ ತನ್ನನ್ನು ಬಲ್ಲವರು ಯಾರೂ ಇಲ್ಲ. "ಟ್ರಕ್ಕಿನ ಟೈರು ನೋಡಿಸಬೇಕು," ಅಂತ ಗೊಣಗಿ ಎದ್ದವನು ಟ್ರಕ್ಕಿನಲ್ಲಿ ಕೂತೇ ಎಸ್ಕನಾಬಾದ ಅರ್ಜಿ ತುಂಬಿದ.

ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಗುಂಡು ಹಾರಿಸಿದ ಅನುಭವ? ಏನೂ ಇಲ್ಲ ಎಂದು ಬರೆದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಲವತ್ತೈದು ವರ್ಷದ ಬೇಟೆಗಾರನ ಬೆರಳು ಹಾಗೆ ಬರೆಯಲು ಒಪ್ಪಲಿಲ್ಲ. 'ಬೇಟೆ, ನಲವತ್ತೈದು ವರ್ಷ. ಸುರಕ್ಷತೆಯ ಪಾಠ ಹೇಳಿದ್ದು, ಮೂವತ್ತು ವರ್ಷ' ಎಂದು ಒತ್ತಿದ. ಎಷ್ಟಂದರೂ ನಿಜವೇ ಅಲ್ಲವೇ.

ಎಸ್ಕನಾಬಾದ ಶೂಟಿಂಗ್ ಕ್ಲಬ್ಬಿನಲ್ಲಿ ಅವನಲ್ಲದೆ ಹನ್ನೊಂದು ಜನ ಕಲಿಯಲು ಸೇರಿದ್ದರು. ಡೋರೀನ್ ಹೇಳಿದ್ದು ಸುಳ್ಳಲ್ಲ, ಏಳು ಮಂದಿ ಅಜ್ಜಿಯರೇ. ವರ್ನರ್ ಬೇಟೆಯ ಕಿತ್ತಳೆ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಹಿಂದಿನ ಬೆಂಚಿಗೆ ಸರಿದ. ಕಲಿಸುವವಳು ಟ್ರೂಡಿ ಬುಶೇ ಎಂಬ ಗಟ್ಟಿ ಹೆಂಗಸು. ಸೇಬು ಕೀಳಲು ಹೋಗಿ ಏಣಿಯಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು.

"ನಮ್ಮ ಅಸಿಸ್ಟೆಂಟ್‌ಗೆ ಜ್ವರ, ನನ್ನ ಕೈ ಹೀಗೆ. ಕ್ಲಾಸ್ ರದ್ದು ಮಾಡೋಣ ಅಂತಿದ್ದೆ," ಎಂದಳು ಟ್ರೂಡಿ. ವರ್ನರ್ ಬೆಂಚಿನಿಂದ ಅರ್ಧ ಎದ್ದ. ಕ್ಲಾಸು ನಿಂತರೆ ಪಿಸ್ತೂಲು ಡ್ವೇನ್‌ಗೆ. ಟ್ರೂಡಿ ಮುಂದುವರಿಸಿದಳು: "ಅಷ್ಟರಲ್ಲಿ ಅರ್ಜಿಗಳನ್ನ ನೋಡ್ದೆ. ದೇವರು ದೊಡ್ಡೋನು. ಮೂವತ್ತು ವರ್ಷ ಪಾಠ ಹೇಳಿದೋರು ನಮ್ಮ ಮಧ್ಯೆ ಕೂತಿದಾರೆ. ಕಂಗಾಸ್ ಅವರೇ, ಮುಂದೆ ಬನ್ನಿ ಸರ್. ನಾನು ಬಾಯಲ್ಲಿ ಹೇಳ್ತೀನಿ, ನೀವು ಕೈಯಲ್ಲಿ ತೋರಿಸಿ."

"ಅಯ್ಯೋ, ನಂಗೆ ಪಿಸ್ತೂಲು ಅಷ್ಟಾಗಿ ಗೊತ್ತಿಲ್ಲ ಮೇಡಂ," ಎಂದ ವರ್ನರ್. ಅವನು ಆ ಇಡೀ ದಿನ ಆಡಿದ ಮಾತುಗಳಲ್ಲಿ ಅದರಷ್ಟು ಸತ್ಯವಾದದ್ದು ಇನ್ನೊಂದಿಲ್ಲ.

ಆದರೆ ಸುಪೀರಿಯರ್ ಸರೋವರದ ಈ ಸೀಮೆಯಲ್ಲಿ ಜಂಭ ಕೊಚ್ಚುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಹನ್ನೆರಡು ಕವಲಿನ ಕೊಂಬಿನ ಜಿಂಕೆ ಹೊಡೆದವನು 'ಏನೋ ಒಂದು ಸಿಕ್ತು' ಅನ್ನುತ್ತಾನೆ. ಮೂರು ಮಹಡಿಯ ಮನೆ ಕಟ್ಟಿದವನು 'ತಲೆ ಮೇಲೊಂದು ಸೂರು' ಅನ್ನುತ್ತಾನೆ. 'ಅಷ್ಟಾಗಿ ಗೊತ್ತಿಲ್ಲ' ಎಂದವನು ಇಲ್ಲಿನವರ ಲೆಕ್ಕದಲ್ಲಿ ಪ್ರಚಂಡ. ಅಜ್ಜಿಯರು ಒಬ್ಬರನ್ನೊಬ್ಬರು ನೋಡಿ ತಲೆದೂಗಿದರು.

"ನಿಜವಾಗ್ಲೂ ಏನೇನೂ ಗೊತ್ತಿಲ್ಲ," ಎಂದು ವರ್ನರ್ ಗೋಗರೆದ.

"ನೋಡಿ, ದೊಡ್ಡೋರು ಅಂದ್ರೆ ಹೀಗಿರಬೇಕು," ಎಂದಳು ಟ್ರೂಡಿ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹೊರಗಡೆ, ಮಣ್ಣಿನ ದಿಬ್ಬದ ಎದುರಿಗೆ ಮನುಷ್ಯಾಕಾರದ ರಟ್ಟುಗಳನ್ನು ನಿಲ್ಲಿಸಿದ್ದರು. ವರ್ನರ್ ಕ್ಲಬ್ಬಿನ ಪಿಸ್ತೂಲೊಂದನ್ನು ಕೈಗೆತ್ತಿಕೊಂಡ. ಬಂದೂಕಿಗಾದರೆ ಹೆಗಲಿದೆ, ಕೆನ್ನೆಯಿದೆ. ಇದಕ್ಕೆ ಆಸರೆಯೇ ಇಲ್ಲ, ತೊಟ್ಟಿಲಿನ ಕೂಸನ್ನು ಮೊದಲ ಸಲ ಎತ್ತಿಕೊಂಡವನ ಹಾಗೆ ಎಲ್ಲಿ ಹಿಡಿಯಬೇಕೆಂದು ತಿಳಿಯಲಿಲ್ಲ. ಎಡಗೈಯ ಹೆಬ್ಬೆರಳನ್ನು ಹಿಂಬದಿಗೆ ಸುತ್ತಿ ಭದ್ರವಾಗಿ ಹಿಡಿದು ಟ್ರಿಗರ್ ಒತ್ತಿದ. ಪಿಸ್ತೂಲಿನ ಮೇಲ್ಭಾಗ ಗಕ್ಕನೆ ಹಿಂದಕ್ಕೆ ಜಾರಿ ಹೆಬ್ಬೆರಳಿನ ಚರ್ಮ ಕಿತ್ತುಕೊಂಡು ಹೋಯಿತು. ರಕ್ತ ಬಂತು. ಗುಂಡು ದಿಬ್ಬ ಸೇರಿತು.

ಮುಗಿಯಿತು ಕತೆ ಅಂದುಕೊಂಡ ವರ್ನರ್.

ಟ್ರೂಡಿ ಅವನ ಕೈ ಹಿಡಿದೆತ್ತಿ ಎಲ್ಲರಿಗೂ ತೋರಿಸಿದಳು. "ಕಂಡ್ರಾ? ಹೆಬ್ಬೆರಳು ಹಿಂದುಗಡೆ ಇಟ್ರೆ ಏನಾಗತ್ತೆ ಅಂತ ನಾನು ನೂರು ಸಲ ಹೇಳಿದ್ರೂ ನಿಮಗೆ ನಾಟ್ತಿರಲಿಲ್ಲ. ಇವರು ರಕ್ತ ಕೊಟ್ಟು ಕಲಿಸಿದ್ರು." ನಿವೃತ್ತ ಲೈಬ್ರರಿಯಮ್ಮ ಒಬ್ಬರು ಕಣ್ಣೊರೆಸಿಕೊಂಡು ತಮ್ಮ ಚೀಲದಿಂದ ಬ್ಯಾಂಡೇಜು ತೆಗೆದುಕೊಟ್ಟರು.

ಮುಂದಿನದು ವೇಗದ ಪಾಠ. ಸೀಟಿ ಊದಿದ ಮೂರು ಸೆಕೆಂಡಿನೊಳಗೆ ಪಿಸ್ತೂಲೆತ್ತಿ ಹೊಡೆಯಬೇಕು. ಸೀಟಿ ಕೇಳಿಸಿತು. ಬೇಟೆಗಾರನ ದೇಹಕ್ಕೆ ಅವಸರವೆಂಬುದೇ ಗೊತ್ತಿಲ್ಲ. ವರ್ನರ್ ಮೊದಲು ಗಾಳಿ ಯಾವ ಕಡೆಯದೆಂದು ನೋಡಿದ. ಆಮೇಲೆ ಉಸಿರು ಒಳಗೆಳೆದು, ಅರ್ಧ ಬಿಟ್ಟು, ತಡೆದ. ರಟ್ಟಿನ ಮನುಷ್ಯ ಜಿಂಕೆಯ ಹಾಗೆ ಇನ್ನೊಂದಿಷ್ಟು ಪಕ್ಕಕ್ಕೆ ತಿರುಗಲಿ ಎಂದು ಕಾದ. ರಟ್ಟು ತಿರುಗಲಿಲ್ಲ. ಮೂರು ಸೆಕೆಂಡು ಹೋಗಿ ಮೂವತ್ತಾಯಿತು.

"ಹೊಡೀಲೇ ಇಲ್ವಲ್ಲ!" ಎಂದು ಯಾರೋ ಪಿಸುಗುಟ್ಟಿದರು.

"ಅದೇ ಕಣ್ರೀ ಪಾಠ!" ಟ್ರೂಡಿ ಪ್ಲಾಸ್ಟರಿನ ಕೈಯನ್ನೇ ಮೇಲೆತ್ತಿದಳು. "ಹೊಡೆಯೋದು ಕೊನೇ ದಾರಿ. ಹೊಡೀದೇ ಇರೋಕೆ ಆಗತ್ತಾ ಅಂತ ಮೊದಲು ನೋಡ್ಬೇಕು. ಇಪ್ಪತ್ತು ವರ್ಷದಿಂದ ಇದನ್ನ ಹೇಗೆ ತೋರಿಸೋದು ಅಂತ ನಂಗೇ ಗೊತ್ತಾಗಿರಲಿಲ್ಲ."

ಕಡೆಗೆ ಅವನು ಒಂದು ಗುಂಡು ಹಾರಿಸಿದ. ಅದು ಹೇಗೋ ರಟ್ಟಿನ ಕಿವಿಯಂಚಿಗೆ ತಾಗಿತು. ಕೂಡಲೇ ಅವನಿಗರಿವಿಲ್ಲದೆಯೇ ನಲವತ್ತೈದು ವರ್ಷದ ಅಭ್ಯಾಸ ಮೇಲೆದ್ದಿತು. ಗುಂಡು ತಾಗಿದ ಜಿಂಕೆಯ ಹಿಂದೆ ಓಡಬಾರದು, ಅರ್ಧ ಗಂಟೆ ಸದ್ದಿಲ್ಲದೆ ಕೂತಿರಬೇಕು ಎಂಬುದು ಬೇಟೆಯ ನಿಯಮ. ವರ್ನರ್ ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಅಲ್ಲೇ ಇದ್ದ ಬಕೆಟ್ಟನ್ನು ಬೋರಲು ಹಾಕಿಕೊಂಡು ಕೂತುಬಿಟ್ಟ. ಫ್ಲಾಸ್ಕಿನಿಂದ ಕಾಫಿಯನ್ನೂ ಬಗ್ಗಿಸಿಕೊಂಡ. ಎರಡು ಗುಟುಕು ಕುಡಿದ ಮೇಲೆ, ಹನ್ನೊಂದು ಜೊತೆ ಕಣ್ಣು ತನ್ನ ಮೇಲಿರುವುದು ಗೊತ್ತಾಗಿ ಕಾಫಿ ನೆತ್ತಿಗೇರಿತು.

"ಬರಕೊಳ್ಳಿ," ಎಂದಳು ಟ್ರೂಡಿ. "ಗುಂಡು ಹಾರಿದ ಮೇಲೆ ಹುಚ್ಚುಹುಚ್ಚಾಗಿ ಓಡಾಡಬಾರದು. ಕೈ ಖಾಲಿ ಮಾಡ್ಕೊಂಡು, ಮನಸ್ಸು ತಣ್ಣಗೆ ಮಾಡ್ಕೊಂಡು ಪೊಲೀಸರು ಬರೋತನಕ ಕಾಯಬೇಕು." ಹನ್ನೊಂದು ಮಂದಿಯೂ ಬರೆದುಕೊಂಡರು. ಒಬ್ಬಾಕೆ ಬಕೆಟ್ಟಿನ ಚಿತ್ರವನ್ನೂ ಬಿಡಿಸಿದಳು. ಟ್ರೂಡಿ ಎಡಗೈಯಲ್ಲೇ ಫೋನೆತ್ತಿ ಒಂದು ಫೋಟೋ ಹೊಡೆದಳು.

ಮೂರು ಗಂಟೆಗೆ ಸರ್ಟಿಫಿಕೇಟು ಹಂಚಿದರು. ಹನ್ನೊಂದು ಹೆಸರು ಕರೆದಾಯಿತು, ಹನ್ನೊಂದು ಕಾಗದ ಮುಗಿದಾಯಿತು. ವರ್ನರ್ ಟೋಪಿ ಕೈಯಲ್ಲಿ ಹಿಸುಕುತ್ತ ಹತ್ತಿರ ಹೋದ. "ಮೇಡಂ, ನಂದು?"

"ನಿಮ್ಮದೇನು ಸರ್?"

"ಸರ್ಟಿಫಿಕೇಟು."

ಟ್ರೂಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ತಮಾಷೆ ಬೇರೆ ಮಾಡ್ತೀರಲ್ಲ! ಕಲಿಸಿದೋರಿಗೆ ಯಾರಾದ್ರೂ ಕಲಿತಿದೀರಿ ಅಂತ ಕಾಗದ ಕೊಡ್ತಾರಾ?" ಆಮೇಲೆ ಮುಖ ಗಂಭೀರ ಮಾಡಿ ಕೇಳಿದಳು: "ಮುಂದಿನ ಶನಿವಾರ ಇನ್ನೊಂದು ಕ್ಲಾಸಿದೆ. ನೀವು ಬರ್ತೀರಾ?"

ಇನ್ನೊಂದು ಕ್ಲಾಸು ಅಂದರೆ ಇನ್ನೊಂದು ಅವಕಾಶ. ಅಷ್ಟರಲ್ಲಿ ಟ್ರೂಡಿಯ ಅಸಿಸ್ಟೆಂಟ್‌ಗೆ ಜ್ವರ ಬಿಟ್ಟಿರುತ್ತದೆ, ತಾನು ಹಿಂದಿನ ಬೆಂಚಿನಲ್ಲಿ ನೆಮ್ಮದಿಯಾಗಿ ಕೂತು ಕಲಿಯಬಹುದು. ಆರ್ಲೀನ್‌ಳ ಕಾಲು ಹಿಡಿದಾದರೂ ಒಂದು ವಾರದ ಗಡುವು ಕೇಳಿಕೊಂಡರಾಯಿತು. "ಖಂಡಿತ ಬರ್ತೀನಿ, ಹೆಸರು ಬರಕೊಳ್ಳಿ," ಎಂದ ವರ್ನರ್. ಬೆಳಗಿನಿಂದ ಮೊದಲ ಸಲ ಅವನಿಗೆ ಉಸಿರು ಸರಾಗವಾಯಿತು.

ಮನೆ ಮುಟ್ಟಿದಾಗ ಅಂಗಳದಲ್ಲಿ ಟ್ರಕ್ಕುಗಳು ಸಾಲಾಗಿ ನಿಂತಿದ್ದವು. ಡ್ವೇನ್‌ದು, ಎಮಿಲ್‌ದು, ಬಿಡಾರದ ಅಷ್ಟೂ ಜನರದು. ಸುದ್ದಿ ಬಂದುಬಿಟ್ಟಿದೆ. ಅಜ್ಜಿಯರ ಕ್ಲಾಸಿಗೆ ಕದ್ದು ಹೋದವನನ್ನು ಕುರ್ಚಿಯಿಂದಿಳಿಸಲು ಊರೇ ನೆರೆದಿದೆ ಅಂದುಕೊಂಡು ತಲೆ ತಗ್ಗಿಸಿ ಒಳಹೊಕ್ಕ.

"ಬಂದ್ರಪ್ಪ ಮೇಷ್ಟ್ರು!" ಎಂದು ಎಮಿಲ್ ಬೆನ್ನಿಗೆ ಗುದ್ದಿದ. ಅವನ ಫೋನಿನಲ್ಲಿ ಟ್ರೂಡಿಯ ಪ್ರಕಟಣೆ ಇತ್ತು, ಬಕೆಟ್ಟಿನ ಮೇಲೆ ಕೂತ ವರ್ನರನ ಫೋಟೋ ಸಮೇತ. 'ಮುಂದಿನ ಶನಿವಾರ, ಟ್ಯಾಮರಾಕ್ ಫೈರ್ ಸ್ಟೇಷನ್ನಿನಲ್ಲಿ ಪಿಸ್ತೂಲು ತರಗತಿ. ಕಲಿಸುವವರು: ವರ್ನರ್ ಕಂಗಾಸ್.'

"ಟೈರು ನೋಡಿಸ್ತೀನಿ ಅಂತ ಹೋಗಿ ಕ್ಲಾಸ್ ತಗೊಂಡಿದೀಯಲ್ಲೋ ಕಳ್ಳ! ಇಷ್ಟು ವರ್ಷ ಒಂದ್ ಮಾತು ಹೇಳಲಿಲ್ವಲ್ಲ," ಎಂದ ಎಮಿಲ್. "ನಾವೆಲ್ಲ ಹೆಸರು ಕೊಟ್ಟಾಯ್ತು. ನಾವು ಯಾರೂ ಪಿಸ್ತೂಲು ಮುಟ್ಟಿಲ್ಲ ಮಾರಾಯ, ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿತ್ತು."

ವರ್ನರ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ಇನ್ನು ತಡೆಯಲಾರೆ ಅನ್ನಿಸಿತು. "ಇಲ್ಲ ಕಣ್ರೋ, ದೇವರಾಣೆಗೂ ನಂಗೆ ಪಿಸ್ತೂಲಿನ ಗಂಧಗಾಳಿ ಗೊತ್ತಿಲ್ಲ!"

ಎಮಿಲ್‌ನ ಕಣ್ಣು ತುಂಬಿ ಬಂತು. "ಇದಕ್ಕೇ ಕಣೋ ಆ ಕುರ್ಚಿ ನಿಂದು," ಎಂದ.

ಆರ್ಲೀನ್ ಮಾತ್ರ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು ಅಂಗೈ ಚಾಚಿದಳು. "ಅದೆಲ್ಲ ಇರಲಿ. ಸರ್ಟಿಫಿಕೇಟ್ ಎಲ್ಲಿ?"

"ಅದು... ಕಲಿಸೋರಿಗೆ ಕೊಡಲ್ವಂತೆ."

"ಕಾಗದ ಇಲ್ಲ ಅಂದ್ರೆ ಇಲ್ಲ. ಮಾತು ಮಾತೇ." ಅವಳು ಬೀರುವಿನ ಮೇಲಿದ್ದ ಕಪ್ಪು ಡಬ್ಬಿಯನ್ನು ಇಳಿಸಿ ತಮ್ಮನ ಕಡೆ ತಿರುಗಿದಳು. "ಆದ್ರೆ ಡ್ವೇನ್, ನಿಂಗೂ ಹಂಗೇ ಕೊಡಲ್ಲ. ಶನಿವಾರ ಕ್ಲಾಸಿಗೆ ಹೋಗಿ ಕಲಿತು, ನಿನ್ನ ಭಾವನ ಸಹಿ ಇರೋ ಸರ್ಟಿಫಿಕೇಟ್ ತಂದು ತೋರಿಸು. ಆಮೇಲೆ ತಗೊಂಡ್ಹೋಗು."

ಡ್ವೇನ್ ಎದ್ದು ಬಂದು ವರ್ನರನ ಗಾಯದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ.

"ಸಹಿ ಸ್ವಲ್ಪ ದೊಡ್ಡದಾಗೇ ಹಾಕು ಭಾವ," ಎಂದ. "ಫ್ರೇಮ್ ಹಾಕಿಸ್ತೀನಿ."