ಹೋರಿಗಳ ಜೊತೆ ಸೊಸೆಯ ಪ್ರೋಟೀನು

ನಾನು ಬಿ.ಎಸ್ಸಿ. ಓದಿದವಳು; ಮನೆಯಲ್ಲಿ ನಡೆದದ್ದನ್ನೆಲ್ಲ ತಾರೀಖು ಹಾಕಿ ಬರೆದಿಡುವವಳು. ಹುಣಸೂರಿನ ನಮ್ಮ ಮನೆಯಲ್ಲಿ ಬರೆಯಲು ಏನೂ ಇಲ್ಲದ ವಾರ ಇದುವರೆಗೆ ಬಂದಿಲ್ಲ. ಕಳೆದ ಆಯುಧಪೂಜೆಯಂತೂ ಪುಟಗಟ್ಟಲೆ ಆಯಿತು.

ಪೆಟ್ಟಿಗೆ ಬಂತು

ಸೊಸೆ ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಾಳೆ. ಪ್ರಯೋಗಕ್ಕೆಂದು ತರಿಸಿ ತಿಂಗಳುಗಟ್ಟಲೆ ಕಾದಿದ್ದ ಪ್ರೋಟೀನು ಸರಿಯಾಗಿ ಹಬ್ಬದ ಹಿಂದಿನ ದಿನ ಅವಳ ಕೈಸೇರಿತು. ಪ್ರಯೋಗಾಲಯಕ್ಕೆ ರಜೆಯ ಬೀಗ. ಥರ್ಮೋಕೋಲ್ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೇ ತಂದಳು. ಒಳಗೆ ಹೊಗೆಯಾಡುವ ಡ್ರೈ ಐಸ್, ಅದರ ನಡುವೆ ಕಿರುಬೆರಳಿನಷ್ಟು ಶೀಸೆ.

"ಅತ್ತೆ, ಇದು ಕರಗಿದ್ರೆ ನನ್ನ ಒಂದು ವರ್ಷದ ಕೆಲಸ ಹೋಯ್ತು" ಎಂದಳು.

ನನ್ನ ಓರಗಿತ್ತಿ ಬಗ್ಗಿ ನೋಡಿದಳು. "ಏನವ್ವ ಅದು?"

"ಮನುಷ್ಯರ ಜೀವಕೋಶದ ನ್ಯೂಕ್ಲಿಯಸ್ಸಲ್ಲಿರೋ ಪ್ರೋಟೀನು, ಚಿಕ್ಕತ್ತೆ. ಆದ್ರೆ ಮನುಷ್ಯರಿಂದ ತೆಗ್ದಿಲ್ಲ, ಬ್ಯಾಕ್ಟೀರಿಯಾ ಕೈಲಿ ಮಾಡಿಸಿರೋದು."

"ಮನುಸ್ರುದ್ದು ಅಂತೀಯ, ಮನುಸ್ರಿಂದ ತೆಗ್ದಿಲ್ಲ ಅಂತೀಯ. ಪ್ರೋಟೀನು ಅಂತೀಯ, ತಿನ್ನಕ್ಕೂ ಆಗಲ್ಲ. ಮತ್ಯಾಕವ್ವ ಮಗೀನಂಗೆ ಎತ್ಕೊಂಡು ಬಂದೆ?"

ಪೂಜೆ ಆಯಿತು

ಬೆಳಗ್ಗೆ ನಮ್ಮ ಯಜಮಾನರು ಟ್ರ್ಯಾಕ್ಟರು, ಪಂಪ್‌ಸೆಟ್ಟು, ಕುಡುಗೋಲುಗಳ ಸಾಲಿನಲ್ಲಿ ಆ ಪೆಟ್ಟಿಗೆಯನ್ನೂ ಇಟ್ಟು ಕುಂಕುಮ ಹಚ್ಚಿದರು. ಅದೂ ಸೊಸೆಯ ಕಸುಬಿನ ಸಾಮಾನಲ್ಲವೇ! ಮಂಗಳಾರತಿಗೆ ಮುಚ್ಚಳವನ್ನೂ ತೆಗೆದರು. ಬುಸ್ಸೆಂದು ಬಿಳಿ ಹೊಗೆ ಎದ್ದಿತು. ಓರಗಿತ್ತಿ ಕೈಮುಗಿದಳು. ಸೊಸೆ ಸ್ನಾನ ಮುಗಿಸಿ ಚೀರುತ್ತ ಓಡಿಬರುವಷ್ಟರಲ್ಲಿ ಐಸು ಅರ್ಧವಾಗಿತ್ತು.

ಯಜಮಾನರು ಮುಖ ಸಣ್ಣ ಮಾಡಿಕೊಂಡು, "ದೇವ್ರಿಗೆ ಮುಖ ತೋರಿಸ್ದೆ ಪೂಜೆ ಹೆಂಗಮ್ಮ ಮಾಡೋದು?" ಎಂದರು.

ಹೋರಿಗಳ ನಡುವೆ

ಇನ್ನುಳಿದ ಐಸು ಸಂಜೆವರೆಗೂ ಬಾರದು. ಮನೆಯ ಫ್ರಿಜ್ಜಿನ ಚಳಿ ಇದಕ್ಕೆ ಸಾಲದು. ಆಗ ನನ್ನ ಬಿ.ಎಸ್ಸಿ. ತಲೆ ಓಡಿತು. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವ ನಮ್ಮೂರಿನ ದನದ ಡಾಕ್ಟರು ಹೋರಿಗಳ ವೀರ್ಯದ ನಳಿಕೆಗಳನ್ನು ಇಡುವುದು ದ್ರವ ನೈಟ್ರೋಜನ್ ತುಂಬಿದ ಕ್ಯಾನಿನಲ್ಲಿ. ಅದರ ಮುಂದೆ ಡ್ರೈ ಐಸೇ ಬೆಚ್ಚಗೆ! ಅವರ ಮನೆಗೆ ಓಡಿ, ಶೀಸೆಗೆ ಕೆಂಪು ದಾರ ಕಟ್ಟಿ ಆ ಕ್ಯಾನಿನೊಳಗೆ ಇಳಿಬಿಟ್ಟೆವು.

"ನಾನು ಬಿಳಿಕೆರೆಗೆ ಹೋಗ್ಲೇಬೇಕಮ್ಮ, ಹಸು ಹಬ್ಬ ನೋಡಲ್ಲ" ಎಂದರು ಡಾಕ್ಟರು. ಕ್ಯಾನು ಕಾಯಲು ನಾನೇ ಅವರ ಬೈಕಿನ ಹಿಂದೆ ಕೂತೆ.

ಬಿಳಿಕೆರೆಯ ರೈತ ತೆರೆದ ಕ್ಯಾನಿನೊಳಗೆ ಇಣುಕಿದ. "ಡಾಕ್ಟ್ರೇ, ದಾರ ಕಟ್ಟಿರಾದು ಯಾವ ಓರೀದು? ಒಳ್ಳೆ ಜಾತೀದೇ ಇರ್ಬೇಕು. ನಮ್ಮ ಹಸಕ್ಕೆ ಅದನ್ನೇ ಆಕಿ."

ನಾನು ಗಾಬರಿಯಲ್ಲಿ ಕೂಗಿದೆ: "ಅದನ್ನ ಮುಟ್ಬೇಡಿ! ಅದು ಮನುಷ್ಯರದ್ದು!"

ಅವನು ಹಗ್ಗ ಬಿಚ್ಚಿಕೊಂಡು ಹಸುವಿನ ಸಮೇತ ಹಿಂದಕ್ಕೆ ಸರಿದ. "ಬ್ಯಾಡಿ ಕಣ್ರೀ ಸ್ವಾಮಿ, ಈ ವರ್ಸ ಇದು ಹಿಂಗೇ ಇರ್ಲಿ ಬುಡಿ!"

ಸಮಾಧಾನ ಮಾಡಿ, ಹಸುವಿಗೆ ಹೋರಿಯ ನಳಿಕೆಯನ್ನೇ ಹಾಕಿಸಲು ಒಪ್ಪಿಸುವುದರೊಳಗೆ ಸಾಕುಸಾಕಾಯಿತು. ರಜೆ ಮುಗಿದ ಮೇಲೆ ಶೀಸೆ ಕಲ್ಲಿನಂತೆ ಗಟ್ಟಿಯಾಗಿಯೇ ಮೈಸೂರು ಸೇರಿತು. ಸೊಸೆಯ ಪ್ರಯೋಗವೂ ಗೆದ್ದಿತು. ಎಲ್ಲರೂ ಮರೆತೆವು.

ಆದರೆ ಆ ರೈತ ಮರೆತಿರಲಿಲ್ಲ. ಮೊನ್ನೆ ಫೋನು ಮಾಡಿದ. "ಅವ್ವಾರೇ, ಹಸ ಕರ ಆಕ್ತು. ಎಲ್ಲಾ ತಿರುಗಿಸಿ ನೋಡ್ದೆ. ನಾಕು ಕಾಲವೆ, ಬಾಲ ಅದೆ, ಅಂಬಾ ಅಂತಾನೂ ಅಂತದೆ. ನೀವೇನೂ ಯೋಚ್ನೆ ಮಾಡ್ಬ್ಯಾಡಿ."