ಕೂಡ್ರಲಾರದವನಿಗೊಂದು ಕುರ್ಚಿ

ಒಂದು ಕಡೆ ತಣ್ಣಗೆ ಕೂಡ್ರಲು ಬಾರದವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಕೂತವರಿಗೆ ಇಂಥವು ಆಗಿದ್ದನ್ನು ನಾನಂತೂ ಕಂಡಿಲ್ಲ. ವಾಡಿ ಸ್ಟೇಶನ್ನಿನಲ್ಲಿ ರೈಲು ತಡವಾದರೆ ಎಲ್ಲರೂ ಬೆಂಚು ಹುಡುಕುತ್ತಾರೆ, ನಾನು ಪ್ಲಾಟ್‌ಫಾರ್ಮ್ ಅಳೆಯುತ್ತೇನೆ. ಇಂಥವನ ಕೈಗೆ ಆಸ್ಟ್ರೇಲಿಯಾದ ಫುಟ್‌ಬಾಲ್ ಸಿಕ್ಕಿತು. ಮೊಟ್ಟೆಯಾಕಾರದ ಚೆಂಡು, ಕೈಯಿಂದ ಹಿಡಿಯಬಹುದು, ಕಾಲಿಂದ ಒದೆಯಬಹುದು, ಮೈದಾನದ ತುಂಬ ಓಡುತ್ತಲೇ ಇರಬೇಕು. ಚಿತ್ತಾಪುರದ ಕಾಲೇಜಿನ ಪಿ.ಟಿ. ಸರ್ ಎಲ್ಲೋ ಶಿಬಿರಕ್ಕೆ ಹೋಗಿ ಕಲಿತು ಬಂದು ನಮಗೆ ಹಚ್ಚಿದ ಹುಚ್ಚು ಅದು.

ನಮ್ಮಪ್ಪನದು ಬೇರೆಯೇ ಕನಸು. ರಾವೂರಿನ ಕಲ್ಲಿನ ಖಣಿಯಲ್ಲಿ ಜೀವನವೆಲ್ಲ ನಿಂತೇ ದುಡಿದವನು. ಖಣಿಯ ಕಾಟಾದಲ್ಲಿ, ಅಂದರೆ ಲಾರಿ ತೂಗುವ ಕಡೆ, ನನಗೊಂದು ಕೆಲಸ ಮಾತಾಡಿ ಇಟ್ಟಿದ್ದ.

"ನಮ್ಮ ಮನಿತನದಾಗ ಯಾರೂ ಕುರ್ಚಿ ಮ್ಯಾಲ ಕುಂತು ಪಗಾರ ತಗೊಂಡಿಲ್ಲ. ನೀನರ ಕುಂದ್ರು," ಎನ್ನುತ್ತಿದ್ದ.

ಕೂಡ್ರುವುದೊಂದು ಬಿಟ್ಟು ಬೇರೆ ಏನು ಹೇಳಿದ್ದರೂ ಮಾಡುತ್ತಿದ್ದೆ. ಕೊನೆಗೆ ಒಪ್ಪಂದವಾಯಿತು. ದೀಪಾವಳಿಯೊಳಗೆ ಈ ಆಟ ನನಗೆ ಅನ್ನ ಹಾಕಬೇಕು, ಇಲ್ಲವಾದರೆ ಕಾಟಾದ ಕುರ್ಚಿ.

ಸೊಟ್ಟ ಚೆಂಡು

ಅಭ್ಯಾಸ ಮಾಡಲೆಂದು ಸರ್ ಒಂದು ಚೆಂಡನ್ನು ಮನೆಗೆ ಕೊಟ್ಟು ಕಳಿಸಿದರು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಮರುದಿನ ಬೆಳಿಗ್ಗೆ ಚೆಂಡೂ ಇಲ್ಲ, ಅಪ್ಪನೂ ಇಲ್ಲ.

ಹುಡುಕುತ್ತ ವಾಡಿಗೆ ಓಡಿದೆ. ಪಂಕ್ಚರ್ ಅಂಗಡಿಯ ಮುಂದೆ ಅಪ್ಪ ಚೆಂಡಿನ ಎರಡೂ ತುದಿಗಳನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದಾನೆ, ಅಂಗಡಿಯವನು ಬೆವರು ಸುರಿಸುತ್ತ ಗಾಳಿ ಹೊಡೆಯುತ್ತಿದ್ದಾನೆ.

"ಇನ್ನಾ ಹೊಡೀರಿ. ನಡು ಉಬ್ಬವಲ್ದು," ಎಂದ ಅಪ್ಪ.

"ಅಪ್ಪಾ, ಅದು ಇರೋದೇ ಹಂಗ," ಎಂದು ನಾನು ಕೂಗುವುದಕ್ಕೂ ಅದು ಢಬ್ಬೆಂದು ಒಡೆಯುವುದಕ್ಕೂ ಸರಿಹೋಯಿತು.

ಅಪ್ಪನ ಮುಖ ನೋಡಿ ನನಗೆ ಬೈಯಲು ಮನಸ್ಸಾಗಲಿಲ್ಲ. ಅವನು ಸೀದಾ ಸರ್ ಹತ್ತಿರ ಹೋಗಿ ಕೈಮುಗಿದ. "ಹುಡುಗ ಛಲೋ ಆಡ್ತಾನ ಅಂತೀರಿ. ಹಂಗಿದ್ರ ಅವಗೊಂದು ನೆಟ್ಟಗಿನ ಚೆಂಡು ಕೊಡ್ರಲ್ಲ ಮಾಸ್ತರ."

ನಮ್ಮ ಗೋಲಿನೊಳಗೆ ಮದುವೆ

ಈ ಆಟಕ್ಕೆ ಮೈದಾನದ ಎರಡೂ ತುದಿಗೆ ಸಾಲಾಗಿ ನಾಲ್ಕು ನಾಲ್ಕು ಎತ್ತರದ ಕಂಬ ಬೇಕು. ಚೆಂಡು ನಡುವಿನ ಎರಡರ ಮಧ್ಯೆ ಹೋದರೆ ಗೋಲು. ಸರ್ ಹೇಗೋ ಬೊಂಬು ತರಿಸಿ ಚಿತ್ತಾಪುರದ ಬಯಲಿನಲ್ಲಿ ನೆಡಿಸಿದರು. ಸೇಡಂ ತಂಡದ ಜೊತೆ ಪಂದ್ಯ. ಬೆಳಿಗ್ಗೆ ಹೋಗಿ ನೋಡಿದರೆ ಒಂದು ತುದಿಯ ಕಂಬಗಳಿಗೆ ಶಾಮಿಯಾನ ಕಟ್ಟಿದ್ದಾರೆ, ಒಳಗೆ ಮದುವೆ ನಡೆದಿದೆ.

ಸರ್ ಹೋಗಿ, "ಇವು ನಮ್ಮ ಕಂಬ ರೀ," ಎಂದರು.

ಹೆಣ್ಣಿನ ತಂದೆ ಸರ್ ಕೈ ಹಿಡಿದುಕೊಂಡ. "ನಿಮ್ಮ ಉಪಕಾರ ಭಾಳ ಆತು ನೋಡ್ರಿ. ಯಾರು ನೆಟ್ಟು ಹೋಗ್ಯಾರಂತ ಹುಡುಕ್ಲಿಕತ್ತಿದ್ದೆ. ಹುಡುಗರನ್ನೆಲ್ಲ ಕರೀರಿ, ಉಣ್ಲಾರದ ಹೋಗಬ್ಯಾಡ್ರಿ."

ಎರಡೂ ತಂಡ ಪಂಕ್ತಿಯಲ್ಲಿ ಕೂತವು. ಗೋಧಿ ಹುಗ್ಗಿ, ಮೇಲೆ ತುಪ್ಪ, ಬೇಡವೆಂದವನ ಎಲೆಗೆ ಇನ್ನೊಂದು ಸೌಟು. ಆಮೇಲೆ ಉಳಿದ ತುದಿಗೆ ಪಂದ್ಯ ಶುರುವಾಯಿತು. ಓಡಬೇಕಾದವರು ನಡೆದರು, ನಡೆಯಬೇಕಾದವರು ಹೊಟ್ಟೆ ಹಿಡಿದು ನಿಂತರು. ಕೊನೆಗೆ ಸರ್ ಸೀಟಿ ಊದಿ, ಪಂದ್ಯ ಅಡುಗೆಯವನೇ ಗೆದ್ದನೆಂದು ಸಾರಿ ಎಲ್ಲರನ್ನೂ ಮನೆಗೆ ಕಳಿಸಿದರು.

ಚಿಂಚೋಳಿಯ ಅಜ್ಜಿ

ಎದುರಾಳಿಯ ಬೆನ್ನಿಗೆ ಮೊಣಕಾಲು ಕೊಟ್ಟು ಮೇಲೆ ಜಿಗಿದು ಚೆಂಡು ಹಿಡಿಯುವುದು ಈ ಆಟದ ಸೊಗಸು. ಚಿಂಚೋಳಿಯಲ್ಲಿ ನಾನು ಹಾಗೆ ಹಿಡಿದೆ. ಜನ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ನಾನು ಬೆನ್ನೇರಿದ ಹುಡುಗನ ಅಜ್ಜಿ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಬೈಯುತ್ತ ಮೈದಾನದೊಳಗೇ ಬಂದಳು, ಕೈಯಲ್ಲಿ ಚಪ್ಪಲಿ.

ಅಂಪೈರಾಗಿದ್ದ ಸರ್ ಅಡ್ಡ ಹೋದರು. "ಅಮ್ಮಾ, ಇದು ರೂಲ್ ಅದ."

"ಹಂಗೇನು? ನೀ ಜರಾ ಬಾಗು," ಎಂದಳು ಅಜ್ಜಿ. "ನಾನೂ ಹತ್ತಿ ನೋಡ್ತೀನಿ, ರೂಲ್ ಹ್ಯಾಂಗದಂತ."

ಖಣಿಯ ಸೈರನ್

ದೀಪಾವಳಿ ಹತ್ತಿರ ಬಂತು. ನನಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಆಗ ಸರ್ ಸುದ್ದಿ ತಂದರು. ಆಸ್ಟ್ರೇಲಿಯಾದ ಒಂದು ಸಣ್ಣ ಊರಿನ ಕ್ಲಬ್ಬಿನ ಕೋಚ್ ಹೈದರಾಬಾದಿಗೆ ಬಂದಿದ್ದಾರೆ, ರೈಲು ಹತ್ತಿ ವಾಡಿಗೂ ಬರುತ್ತಾರೆ, ಒಬ್ಬನನ್ನು ಸಂಬಳಕ್ಕೆ ಕರೆದೊಯ್ಯುತ್ತಾರೆ.

ನಮ್ಮ ಚಿತ್ತಾಪುರ ತಂಡದ ಎದುರಿಗೆ ರಾವೂರಿನ ಖಣಿ ಹುಡುಗರು. ನಾವು ಸೀಟಿಯಲ್ಲೇ ಮುಗಿಸುತ್ತಿದ್ದರೂ ಈ ಆಟ ನಿಜವಾಗಿ ಸೈರನ್ನಿಗೆ ಮುಗಿಯಬೇಕು. ದೊಡ್ಡವರು ಬರುತ್ತಾರೆಂದು ಸರ್ ಖಣಿಯಿಂದ ಕೈಯಲ್ಲಿ ತಿರುಗಿಸುವ ಸೈರನ್ ತರಲು ಜನ ಕಳಿಸಿದ್ದರು. ಅದು ಬಂದದ್ದು ಆಟ ಇನ್ನೇನು ಮುಗಿಯಬೇಕು ಅನ್ನುವಾಗ. ಅಪ್ಪನೂ ಆಗಲೇ ಬಂದು ಗೋಲಿನ ಹಿಂದೆ ನಿಂತ. ಆಟ ಮುಗಿದ ತಕ್ಷಣ ನನ್ನನ್ನು ಕಾಟಾದ ಮಾಲೀಕರ ಹತ್ತಿರ ಎಳೆದುಕೊಂಡು ಹೋಗುವ ತಯಾರಿ ಅವನದು.

ನಾವು ಸೋಲುತ್ತಿದ್ದೆವು. ಈ ಆಟದಲ್ಲಿ ಗೋಲಿಗೆ ಆರು ಅಂಕ, ನಾವು ಹಿಂದಿದ್ದದ್ದು ನಾಲ್ಕೇ ಅಂಕ, ಒಂದು ಗೋಲು ಬಿದ್ದರೆ ಗೆಲುವು. ನಾನು ಜಿಗಿದು ಚೆಂಡು ಹಿಡಿದೆ, ಅದೇ ಕ್ಷಣ ಸರ್ ಸೈರನ್ ತಿರುಗಿಸಿದರು. ಚೆಂಡು ಹಿಡಿದ ಮೇಲೆ ಸೈರನ್ ಕೂಗಿದರೂ ಒಂದು ಸಲ ಒದೆಯಲು ಬಿಡುತ್ತಾರೆ, ಅದು ನಿಯಮ.

ಆದರೆ ಖಣಿಯಲ್ಲಿ ಸೈರನ್ ಕೂಗಿದರೆ ಸಿಡಿಮದ್ದು ಹಾರಿ ಕಲ್ಲು ಬೀಳುತ್ತದೆಂದು ಅರ್ಥ. ರಾವೂರಿನ ತಂಡಕ್ಕೆ ತಂಡವೇ ತಲೆಯ ಮೇಲೆ ಕೈಯಿಟ್ಟು ಬೋರಲು ಬಿತ್ತು. ನೋಡಲು ಬಂದಿದ್ದ ಖಣಿಯವರೂ ಬಿದ್ದರು. ಗೋಲಿನ ಹಿಂದೆ ನಮ್ಮಪ್ಪ ಎಲ್ಲರಿಗಿಂತ ಮೊದಲು ಬಿದ್ದಿದ್ದ. ನಾನು ಅವರೆಲ್ಲರ ಮೇಲಿಂದ ಚೆಂಡನ್ನು ಒದ್ದೆ. ಗೋಲು.

ಕೋಚ್ ಬೆರಗಾಗಿ ಸರ್‌ಗೆ ಕೇಳಿದರು, ಇವರೆಲ್ಲ ಯಾಕೆ ಮಲಗಿದ್ದಾರೆ?

ನಮ್ಮ ಸರ್ ಕಣ್ಣು ಮಿಟುಕಿಸದೆ ಹೇಳಿದರು. "ದೊಡ್ಡ ಆಟಗಾರ ಒದೆಯುವಾಗ ನಮ್ಮ ಕಡೆ ಹೀಗೆಯೇ ಮರ್ಯಾದೆ ಕೊಡುತ್ತಾರೆ. ಕಂಬದ ಹಿಂದೆ ಬಿದ್ದವರು ಅವನ ತಂದೆ."

ಕೋಚ್ ಟೊಪ್ಪಿಗೆ ತೆಗೆದರು. ನನ್ನ ಕೆಲಸ ಗಟ್ಟಿಯಾಯಿತು.

ಕುರ್ಚಿ

ಅಪ್ಪ ನನ್ನನ್ನು ಕಳಿಸಿದ್ದು ಮನಸ್ಸಿಲ್ಲದೆ. "ಅಲ್ಲೂ ನಿಂತು ಓಡಿ ದುಡಿಯೋದೇ ಆತಲ್ಲೋ," ಎಂದು ಸ್ಟೇಶನ್ನಿನಲ್ಲಿ ಕಣ್ಣು ಒರೆಸಿಕೊಂಡ.

ಆಸ್ಟ್ರೇಲಿಯಾದಲ್ಲಿ ನನ್ನ ಮೊದಲ ಪಂದ್ಯ. ಹೊಸಬನೆಂದು ನನ್ನನ್ನು ಬದಲಿ ಆಟಗಾರರ ಸಾಲಿನಲ್ಲಿ ಕೂಡ್ರಿಸಿದರು. ಆ ಕ್ಲಬ್ಬಿನಲ್ಲಿ ಬೆಂಚಿಲ್ಲ, ಬೆನ್ನಿಗೆ ಆಸರೆಯಿರುವ ಮೆತ್ತನೆಯ ಕುರ್ಚಿಗಳಿವೆ. ಎದ್ದರೆ ಕೋಚ್ ಗದರುತ್ತಾರೆ. ನನ್ನ ಕಾಲು ನೆಲ ಕುಟ್ಟುತ್ತಿತ್ತು, ಕೈ ಹುಲ್ಲು ಕೀಳುತ್ತಿತ್ತು. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಕೂತವನಲ್ಲ. ರಾವೂರಿನಲ್ಲಿ ಅಪ್ಪ ಅವ್ವ ಫೋನಿನಲ್ಲಿ ಪಂದ್ಯ ನೋಡುತ್ತಿದ್ದಾರೆಂದು ನೆನೆದು ನಾಚಿಕೆಯಿಂದ ತಲೆ ತಗ್ಗಿಸಿದ್ದೆ.

ಆಟ ಮುಗಿಯಲು ಸ್ವಲ್ಪ ಇರುವಾಗ ಕೋಚ್ ಕೈ ಮಾಡಿದರು. ಕಟ್ಟಿದ ಕರು ಬಿಚ್ಚಿದಂತೆ ಓಡಿದೆ. ಹೋದವನೇ ಒಂದು ಗೋಲೂ ಹೊಡೆದೆ. ಇಡೀ ತಂಡ ನನ್ನನ್ನು ಎತ್ತಿಕೊಂಡಿತು.

ಸಂಜೆ ಹೊಗಳಿಕೆ ಕೇಳಲು ಮನೆಗೆ ಫೋನ್ ಹಚ್ಚಿದೆ. ಅಪ್ಪನ ದನಿ ಕುಗ್ಗಿತ್ತು.

"ಅವ್ವಗ ಕೇಳಸ್ಬಾರದಂತ ಹೊರಗ ಬಂದೀನಿ. ಮುಂಜಾನಿಂದ ಊರ ಮಂದಿನೆಲ್ಲ ಕರದು ತೋರಿಸಿದ್ದೆ, ನನ್ನ ಮಗ ಕುರ್ಚಿ ಮ್ಯಾಲ ಕುಂತು ಪಗಾರ ತಗೊಳ್ಲಿಕತ್ತಾನ ನೋಡ್ರಿ ಅಂತ. ಖರೆ ಹೇಳು, ಏನ್ ತಪ್ಪ ಮಾಡ್ದಿ?"

"ಏನೂ ಮಾಡಿಲ್ಲಪ್ಪ. ಗೋಲ್ ಹೊಡದೀನಿ."

"ಅದಿರ್ಲಿ. ಮತ್ತ ನಿನ್ನ ಕುರ್ಚಿ ಮ್ಯಾಗಿಂದ ಯಾಕ ಎಬ್ಬಿಸಿದ್ರು?"