ಒನ್ಸ್ ಮೋರ್ ಮೇಷ್ಟ್ರ ಫಜೀತಿಗಳು

ಚಂದ್ರಾ ಲೇಔಟ್‌ನ ಒಂದು ದರ್ಶಿನಿಯ ಮಹಡಿಯಲ್ಲಿ ನಾನು ಸಂಜೆ ಹೊತ್ತು ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತೇನೆ. ಕೆಳಗೆ ದೋಸೆ ಮಗುಚುತ್ತಾರೆ, ಮೇಲೆ ನಾವು ವಾಕ್ಯ ಮಗುಚುತ್ತೇವೆ. ಯಾರಾದರೂ ತಪ್ಪಿದರೆ ಮೇಜು ಕುಟ್ಟಿ "ಒನ್ಸ್ ಮೋರ್!" ಎನ್ನುವುದು ನನ್ನ ಚಾಳಿ. ಅವರು ಎದ್ದು ನಿಂತು, ಸಾರಿ ಹೇಳಿ, ತಿದ್ದಿಕೊಂಡು ಮತ್ತೆ ಹೇಳಬೇಕು. ಈ ಚಾಳಿಯಿಂದ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ.

ಬೈಗುಳ

ಮೂಡಲಪಾಳ್ಯದ ಯಜಮಾನರೊಬ್ಬರು ಕ್ಲಾಸಿಗೆ ಸೇರಿದರು. ರಾಗಿ ಹೊಲವಿದ್ದ ಜಾಗದಲ್ಲೀಗ ಅವರದು ನಾಲ್ಕಂತಸ್ತಿನ ಮನೆ. ಬಾಡಿಗೆಗಿರುವ ಹುಡುಗರಿಗೆ ಕನ್ನಡ ಬಾರದು, ಹಾಡು ಹಾಕಿ ಕುಣಿಯುವುದು ಚೆನ್ನಾಗಿ ಬರುತ್ತದೆ. "ಅವರಿಗೆ ಇಂಗ್ಲಿಷಲ್ಲೇ ಉಗೀಬೇಕು ಸಾರ್, ಕಲಿಸಿ" ಎಂದರು. ಮೊದಲ ದಿನ ನಾನು "ಒನ್ಸ್ ಮೋರ್" ಎಂದಾಗ, ನಾಟಕ ನೋಡಿ ಬೆಳೆದ ಜೀವ, ಹಿಗ್ಗಿಹೋಗಿ ಅದೇ ತಪ್ಪನ್ನು ಇನ್ನೂ ಜೋರಾಗಿ ಹೇಳಿದರು.

ನಾನು ಅವರ ಒಂದೊಂದು ಒರಟು ಮಾತನ್ನೂ ತಿದ್ದಿ, ಪ್ಲೀಸ್ ಸೇರಿಸಿ, ಕುಡ್ ಯೂ ಸೇರಿಸಿ ನುಣ್ಣಗೆ ಮಾಡಿಕೊಟ್ಟೆ. ಅವರು ಹೋಗಿ ಹಾಗೇ ಒಪ್ಪಿಸಿದರು. ಇಂಥ ಸಜ್ಜನ ಮಾಲೀಕರನ್ನು ಹುಡುಗರು ಕಂಡೇ ಇರಲಿಲ್ಲವಂತೆ. ಒಳಗೆ ಕರೆದು ಕೂರಿಸಿ, ಕೇಕ್ ತಿನ್ನಿಸಿ, ಒಂದು ಹಾಡಿಗೆ ಕುಣಿಸಿಯೂ ಬಿಟ್ಟರು. ಮರುದಿನ ಯಜಮಾನರು ಬಾಗಿಲಲ್ಲೇ ನಿಂತು ಕೇಳಿದರು: "ಸಾರ್, ನೀವು ಕಲಿಸಿದ್ದು ಬೈಯೋದನ್ನಾ, ಬೀಗತನ ಮಾಡೋದನ್ನಾ?"

ಕುರ್ಚಿ

ಅದೇ ಕ್ಲಾಸಿನಲ್ಲಿ ಒಬ್ಬ ತಾಯಿ ಇದ್ದರು. ಗಂಡನಿಗೆ ಬಿನ್ನಿಪೇಟೆಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ. ಮಗಳ ಎಲ್‌ಕೆಜಿ ಸೀಟಿಗೆ ಮಗುವಿನ ಜೊತೆ ಅಪ್ಪ ಅಮ್ಮನಿಗೂ ಇಂಟರ್‌ವ್ಯೂ ಇತ್ತು. "ನಮ್ಮ ಇಂಗ್ಲಿಷಿಂದ ಮಗು ಸೀಟು ಹೋದ್ರೆ ಏನ್ ಸಾರ್ ಗತಿ?" ಎಂದು ಹೆದರಿ ಅವರು ಕ್ಲಾಸಿನಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ನೋಡಿದರೆ ನನಗೇ ಅಯ್ಯೋ ಪಾಪ ಎನಿಸುತ್ತಿತ್ತು.

ಒಂದು ಸಂಜೆ, ಇನ್ನು ಕ್ಲಾಸಿನಲ್ಲಿ ಕನ್ನಡ ಕೂಡದು ಎಂದು ಸಾರಿದೆ. ಬೋರ್ಡಿನ ಮೇಲೆ ಬರೆದು ಕುರ್ಚಿಯತ್ತ ತಿರುಗಿದರೆ ಆ ತಾಯಿ ಎದ್ದು ನಿಂತಿದ್ದಾರೆ. "ಸಾರ್, ದಿ ಚೇರ್... ಚೇರ್ ಈಸ್... ವಾಸ್..." ಅಂತೂ ಬಾಯಿ ಬಿಟ್ಟರಲ್ಲ ಎಂಬ ಖುಷಿಯಲ್ಲಿ "ಫುಲ್ ಸೆಂಟೆನ್ಸ್, ಒನ್ಸ್ ಮೋರ್!" ಎನ್ನುತ್ತಾ ಕೂತೆ. ಕುರ್ಚಿಯ ಕಾಲು ಮುರಿದಿತ್ತು. ನಾನು ನೆಲ ಸೇರಿದೆ. ಯಾರೂ "ಅಯ್ಯೋ" ಎನ್ನಲಿಲ್ಲ, ಅದೂ ಕನ್ನಡ ತಾನೇ! ನನ್ನನ್ನು ಎತ್ತುತ್ತಾ ಯಜಮಾನರು ಕೇಳಿದರು: "ಸಾರ್, ಒನ್ಸ್ ಮೋರ್?"

ಸೀಟು

ಸೊಂಟ ಹಿಡಿದುಕೊಂಡೇ ಆ ನಿಯಮ ಕಿತ್ತುಹಾಕಿದೆ. ತಪ್ಪೋ ಸರಿಯೋ, ಮೊದಲು ಬಾಯಿ ಬಿಡಿ ಎಂದೆ. ಆ ತಾಯಿಗೆ ಧೈರ್ಯ ಬಂತು. ಎಷ್ಟು ಬಂತೆಂದರೆ, ನನ್ನ ಒನ್ಸ್ ಮೋರ್ ಚಾಳಿಯನ್ನು ಅವರೂ ಹಿಡಿದು, ಮನೆಯಲ್ಲಿ ಗಂಡನಿಗೆ ಪಾಠ ಶುರುಮಾಡಿದರು.

ಇಂಟರ್‌ವ್ಯೂ ಮುಗಿಸಿ ಗಂಡ ಹೆಂಡತಿ ಇಬ್ಬರೂ ನೇರ ನನ್ನ ಹತ್ತಿರ ಬಂದರು. ಅಲ್ಲಿ ನಡೆದದ್ದನ್ನು ಗಂಡನೇ ಹೇಳಿದ. ಪ್ರಿನ್ಸಿಪಾಲ್ ಮೇಡಂ ಇವನ ಕೆಲಸ ಕೇಳಿದ್ದಾರೆ. "ಐ ಆಮ್ ಹ್ಯಾವಿಂಗ್ ಒನ್ ಶಾಪ್" ಎಂದಿದ್ದಾನೆ. ತಕ್ಷಣ ಹೆಂಡತಿ ಪ್ರಿನ್ಸಿಪಾಲರ ಮೇಜನ್ನೇ ಕುಟ್ಟಿ "ಒನ್ಸ್ ಮೋರ್!" ಎಂದಿದ್ದಾರೆ. ಅಭ್ಯಾಸಬಲ ನೋಡಿ, ಇವನೂ ಎದ್ದು ನಿಂತು, "ಸಾರಿ! ಐ ಹ್ಯಾವ್ ಎ ಶಾಪ್" ಎಂದಿದ್ದಾನೆ.

ಮುಗೀತು, ಸೀಟು ಕೈಬಿಟ್ಟಿತು ಎಂದು ತಾಯಿಯ ಕಣ್ಣು ತುಂಬಿದೆ. ಮೇಡಂ ಮಗುವಿನತ್ತ ತಿರುಗಿ, "ಮನೇಲಿ ಯಾರಮ್ಮ ಇಂಗ್ಲಿಷ್ ಮಾತಾಡೋದು?" ಎಂದು ಕೇಳಿದ್ದಾರೆ.

"ಇಬ್ರೂ ಮಾತಾಡ್ತಾರೆ. ಅಮ್ಮ ಒನ್ಸ್ ಮೋರ್ ಅಂತಾಳೆ, ಅಪ್ಪ ಸಾರಿ ಅಂತಾರೆ."

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕು, ಸೀಟು ಕೊಟ್ಟೇಬಿಟ್ಟರಂತೆ.

ನಾನು ಖುಷಿಯಿಂದ ಇಬ್ಬರಿಗೂ ಕೆಳಗಿನಿಂದ ಕಾಫಿ ತರಿಸಿದೆ. ಹೆಂಡತಿ ಮೂಡಲಪಾಳ್ಯದ ಯಜಮಾನರಿಗೆ ಸುದ್ದಿ ಹೇಳಲು ಅತ್ತ ಹೋದದ್ದೇ ತಡ, ಗಂಡ ನನ್ನ ಕಿವಿಯ ಹತ್ತಿರ ಬಂದ.

"ಸಾರ್, ಮಗಳಿಗೆ ಸೀಟು ಸಿಕ್ತು. ನಿಮ್ಮ ಕ್ಲಾಸಲ್ಲಿ ನನಗೂ ಒಂದು ಸೀಟು ಕೊಡಿ."

"ಯಾಕ್ರೀ, ಮನೇಲೇ ಟೀಚರ್ ಇದ್ದಾರಲ್ಲ?"

"ಅದಕ್ಕೇ ಸಾರ್. ಇಲ್ಲಾದ್ರೆ ಒಂದು ಗಂಟೆ ಆದ್ಮೇಲೆ ಕ್ಲಾಸ್ ಬಿಡ್ತೀರ. ಮನೇಲಿ ಬಿಡೋದೇ ಇಲ್ಲ!"